ಲಾಡ್ಲಿಯ ಕಣ್ಣಿ

ವಾಡಿಯಲ್ಲಿ ಅವನನ್ನು ಎಲ್ಲರೂ ಶಕ್ಕಿ ಮುನಾಫ ಅಂತಲೇ ಕರೆಯುತ್ತಿದ್ದರು. ಶಕ್ ಅಂದರೆ ಸಂಶಯ. ಎದುರಿಗೇ ಹಾಗೆ ಕರೆದರೂ ಅವನು ಸಿಟ್ಟಾಗದೆ ಓ ಅನ್ನುತ್ತಿದ್ದ. ಸ್ಟೇಷನ್ನಿನ ಹೊರಗೆ ಟಾಂಗಾಗಳು ನಿಲ್ಲುವ ಬೇವಿನ ಮರ, ಅದರ ಎದುರಿಗೆ ನನ್ನ ಪಾನಿನ ಅಂಗಡಿ. ಅಲ್ಲಿ ಕೂತು ನಾನು, ಲಾಲಪ್ಪ, ಎಂಥೆಂಥ ಮಂದಿಯನ್ನು ನೋಡಿದ್ದೇನೆ. ಸಿಮೆಂಟ್ ಕಾರ್ಖಾನೆಯವರು, ರೈಲಿನವರು, ಗಾಡಿ ತಪ್ಪಿಸಿಕೊಂಡು ಅಳುತ್ತಾ ಕೂತವರು, ಎಲ್ಲರೂ ನನ್ನ ಕಣ್ಣ ಮುಂದೆಯೇ ಹಾದುಹೋಗುತ್ತಿದ್ದರು. ಆದರೆ ಮುನಾಫನಂಥ ಸಂಶಯದ ಪ್ರಾಣಿ ಮತ್ತೊಂದು ಸಿಗಲಿಲ್ಲ.

ನಾನು ಕಟ್ಟಿಕೊಟ್ಟ ಪಾನನ್ನು ಅವನು ಬಿಚ್ಚಿ ನೋಡುತ್ತಿದ್ದ. ಸುಣ್ಣ ಎಷ್ಟು, ಅಡಿಕೆ ಹುಳುಕೋ ಛೊಲೋನೋ ಎಲ್ಲ ನೋಡಿ, ಮತ್ತೆ ತಾನೇ ಮಡಿಚಿ ಬಾಯಿಗೆ ಹಾಕುತ್ತಿದ್ದ.

"ನಿನಗ ವಿಷ ಹಾಕ್ಲಿಕ್ಕ ವಿಷ ಏನ್ ಪುಕ್ಕಟ ಬರ್ತದೇನೋ ಶಕ್ಕಿ?" ಅಂತ ನಾನು ಬಯ್ಯುತ್ತಿದ್ದೆ.

"ವಿಷದ ಮಾತಲ್ಲೋ ಲಾಲಪ್ಪ. ನಿನ್ನ ಕೈ ಸುಣ್ಣದಾಗ ಇರ್ತದ, ಕಣ್ಣು ರಸ್ತಾದಾಗ ಇರ್ತಾವ. ನೋಡಿ ತಿಂದ್ರ ಏನ್ ಗಂಟು ಹೋಗ್ತದ?"

ಟಾಂಗಾ ಹತ್ತುವವರಿಗೆ ಯಾರ ಮನೆಗೆ, ಅವರು ನಿಮಗೆ ಏನಾಗಬೇಕು, ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಅಂತ ಕೇಳುತ್ತಿದ್ದ. ಮುಚ್ಚಿದ ಡಬ್ಬಿ ಹಿಡಿದವರಿದ್ದರೆ ಡಬ್ಬಿಯನ್ನು ಅವರ ತೊಡೆಯ ಮೇಲೇ ಇರಿಸುತ್ತಿದ್ದ, ಒಳಗೆ ಹಾವು ಗೀವು ಇದ್ದರೆ ಮೊದಲು ಅವರನ್ನೇ ಕಚ್ಚಲಿ ಅಂತ. ಅಬ್ದುಲ್ ಸಲಾಂನ ಹೋಟೆಲಿನ ಚಹಾ ಬಂದರೆ ಮೊದಲು ಮೂಗು, ಆಮೇಲೆ ಬಾಯಿ. ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಉಸಿರೆಳೆಯದೆ ಒಂದು ಗುಟುಕೂ ಕುಡಿದವನಲ್ಲ. ಸಲಾಂ ತಲೆ ಚಚ್ಚಿಕೊಳ್ಳುತ್ತಿದ್ದ.

ಒಂದೇ ಕಡೆ ಮಾತ್ರ ಅವನ ಮೂಗು ಸುಮ್ಮನಿರುತ್ತಿತ್ತು. ಮನೆಯಲ್ಲಿ ಹೆಂಡತಿ ತಾಜುನ್ನಿಸಾ ಚಹಾ ತಂದರೆ ನನ್ನ ಕಡೆ ಮುಖ ಮಾಡಿ ಮಾತಾಡುತ್ತಲೇ ಕೈ ಚಾಚಿ ತೆಗೆದುಕೊಂಡು ಕುಡಿದುಬಿಡುತ್ತಿದ್ದ. ಕಪ್ಪಿನ ಕಡೆ ನೋಡುತ್ತಲೂ ಇರಲಿಲ್ಲ. ಇದನ್ನು ನಾನು ಎಷ್ಟೋ ಸಲ ನೋಡಿ ಒಳಗೊಳಗೇ ನಕ್ಕಿದ್ದೇನೆ.

ಮಕ್ಕಳಿಲ್ಲದ ಮನೆ ಅದು. ಅವನು, ತಾಜುನ್ನಿಸಾ, ಮತ್ತು ಲಾಡ್ಲಿ ಅನ್ನುವ ಹೆಣ್ಣು ಕುದುರೆ. ಕಂದು ಮೈ, ಹಿಂದಿನ ಬಲಗಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಬಣ್ಣ. ಎಡಗಣ್ಣಿನ ಕೆಳಗೆ ಕೂದಲಿನ ಸಣ್ಣ ಸುಳಿ. ಜಾತಿ ಕುದುರೆಯೇನಲ್ಲ, ಆದರೆ ಎಂಜಿನ್ನು ಪಕ್ಕದಲ್ಲೇ ಕೂಗಿದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಮುನಾಫನ ಅಂಗಿಯ ಜೇಬಿನಲ್ಲಿ ಅದಕ್ಕೆ ಅಂತ ಯಾವಾಗಲೂ ಬೆಲ್ಲದ ಚೂರು ಇರುತ್ತಿತ್ತು.

ಆ ಸುಳಿಯದ್ದೇ ತಕರಾರು. ಕಣ್ಣಿನ ಕೆಳಗಿನ ಸುಳಿಗೆ ನಮ್ಮ ಕಡೆ ಕಣ್ಣೀರ ಸುಳಿ ಅನ್ನುತ್ತಾರೆ. ಅಂಥ ಕುದುರೆಯನ್ನು ಕಟ್ಟಿದ ಮನೆಯ ಗಂಡಸು ಬಾಳುವುದಿಲ್ಲ, ಹೆಂಡತಿ ಕಣ್ಣೀರಿನಲ್ಲಿ ಕೈ ತೊಳೆಯಬೇಕು ಅಂತ ನಂಬಿಕೆ. ಮುನಾಫ ಇದನ್ನೂ ನಂಬಲಿಲ್ಲ. "ಸುಳಿ ಗಿಳಿ ಎಲ್ಲಾ ದಲ್ಲಾಳಿಗಳ ಹಿಕಮತ್ತು. ಕಿಮ್ಮತ್ತು ಇಳಸ್ಲಿಕ್ಕ ಹುಟ್ಟಿಸಿದ ಸುಳ್ಳು," ಅನ್ನುತ್ತಿದ್ದ. ಅವನ ಸಂಶಯದಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದು ಆ ಕುದುರೆಗೆ ಮಾತ್ರ.

ತಾಜುನ್ನಿಸಾ ನಂಬಿದ್ದಳು. ಒಂದು ಮಳೆಗಾಲ ರೈಲ್ವೆ ಗೇಟಿನ ಹತ್ತಿರ ಟಾಂಗಾ ಮಗುಚಿ ಮುನಾಫನ ಪಕ್ಕೆಲುಬು ಮುರಿದವು. ಮರುವರ್ಷ ವಿಷಮಜ್ವರ ಬಂದು ಹೋಗಿಯೇಬಿಟ್ಟ ಅನ್ನುವ ಹಾಗೆ ಆಯಿತು. ಎರಡು ಸಲವೂ ಆಕೆ ಹಾಸಿಗೆಯ ಪಕ್ಕ ಕೂತು ಒಂದೇ ಮಾತು ಹೇಳಿದಳು: ಕುದುರೆ ಮಾರಿಬಿಡ್ರಿ. ಜ್ವರ ಇಳಿದ ಮೇಲೆ ನಾನು ನೋಡಲು ಹೋದಾಗಲೂ ಅದೇ ಮಾತು ನಡೆದಿತ್ತು.

"ನಿನ್ನ ಬೇಕಾದ್ರ ಮಾರ್ತೀನಿ, ಲಾಡ್ಲಿನ್ನ ಮಾರೂದಿಲ್ಲ," ಅಂತ ಮುನಾಫ ನಗೆಯಾಡಿದ. ನಾನು ನಕ್ಕೆ, ಆಕೆ ನಗಲಿಲ್ಲ.

"ಲಾಲಪ್ಪಣ್ಣ, ನೀವರ ಬುದ್ಧಿ ಹೇಳ್ರಿ. ಮೂರನೇದ್ದು ತಪ್ಪಂಗಿಲ್ಲ," ಅಂದಳು. ನಾನು ಏನು ಬುದ್ಧಿ ಹೇಳಲಿ? ಗಂಡ ಹೆಂಡತಿ ನಡುವೆ ಕುದುರೆ ಬಂದರೆ ಪಾನಿನವ ಏನು ಮಾಡುತ್ತಾನೆ? ನಾನು ಚಹಾ ಕುಡಿದು ಎದ್ದು ಬಂದೆ.

ಹಾಗಂತ ಆಕೆಗೆ ಕುದುರೆಯ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಲಾಡ್ಲಿಯ ಕಣ್ಣಿಯನ್ನು ಆಕೆಯೇ ಹೆಣೆದಿದ್ದಳು. ಕಣ್ಣಿ ಅಂದರೆ ಮೂತಿಗೆ ಸುತ್ತಿ ಗೂಟಕ್ಕೆ ಕಟ್ಟುವ ಹಗ್ಗ. ಹಸಿರು ಓಢಣಿಯನ್ನು ಹರಿದು, ಪುಂಡಿನಾರಿನ ಜೊತೆ ಹೊಸೆದು, ಕೆನ್ನೆಯ ಹತ್ತಿರ ದೃಷ್ಟಿ ತಾಗದಿರಲಿ ಅಂತ ನೀಲಿ ಮಣಿ ಪೋಣಿಸಿದ್ದಳು. ವಾಡಿಯಲ್ಲಿ ಯಾವ ಟಾಂಗಾದ ಕುದುರೆಗೂ ಅಂಥ ಕಣ್ಣಿ ಇರಲಿಲ್ಲ.

ಮೈಸೂರು ರಾಜ್ಯಕ್ಕೆ ನಾವು ಸೇರಿ ಆಗ ಐದಾರು ವರ್ಷ ಆಗಿರಬಹುದು. ಮುನಾಫನ ಸೋದರಮಾವ ಚಿಮ್ಮನಚೋಡದಲ್ಲಿ ತೀರಿಕೊಂಡ ಅಂತ ಸುದ್ದಿ ಬಂತು. ಅವನು ಮಣ್ಣಿಗೆ ಹೋದ, ಕುದುರೆ ಮನೆಯಲ್ಲೇ ಉಳಿಯಿತು. ತಿರುಗಿ ಬಂದಾಗ ತಾಜುನ್ನಿಸಾ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಬಾಗಿಲು ತೆರೆದಿತ್ತಂತೆ, ಗೂಟ ಖಾಲಿ ಇತ್ತಂತೆ. ಮುನಾಫ ಪಡಸಾಲೆಗೆ ಹೋಗಿ ಮೊಳೆಗೆ ತೂಗಿದ್ದ ಕಣ್ಣಿಯನ್ನು ತೆಗೆದು ಮುಖಕ್ಕೆ ಒತ್ತಿಕೊಂಡು ಚಿಕ್ಕವರ ಹಾಗೆ ಬಿಕ್ಕಿಬಿಕ್ಕಿ ಅತ್ತ. ನಾನೂ ಅಲ್ಲೇ ಇದ್ದೆ, ನನ್ನ ಕಣ್ಣಲ್ಲೂ ನೀರು ಬಂತು.

ಅತ್ತು ಮುಗಿಸಿದ ಮೇಲೆ ಶುರುವಾಯಿತು ನೋಡಿ ಇವನ ಅಸಲಿ ಕೆಲಸ. ಮೊದಲು ಸಿರಾಜುದ್ದೀನನ ಮೇಲೆ ಸಂಶಯ, ಅವನೂ ಟಾಂಗಾದವನು ಅಂತ. ಆಮೇಲೆ ಸಲಾಂ. ಆಮೇಲೆ ಗೇಟಿನ ಕಾವಲುಗಾರ. ಕಡೆಗೆ ಒಂದು ಮಧ್ಯಾಹ್ನ ನನ್ನ ಅಂಗಡಿಗೇ ಬಂದು ನಿಂತ.

"ಲಾಲಪ್ಪ, ನಾ ಇಲ್ಲದಾಗ ನೀ ಅಂಗಡಿ ಲಗೂನೇ ಮುಚ್ಚಿದ್ದಿ ಅಂತಲ್ಲ. ಯಾಕ?"

"ನಿನ್ನ ಕುದುರಿನ್ನ ಪಾನಿನ ಡಬ್ಬಿಯೊಳಗ ಮುಚ್ಚಿ ಇಡ್ಲಿಕ್ಕ!" ಅಂತ ಒದರಿದೆ. "ನಡಿ ಇಲ್ಲಿಂದ, ಕತ್ತೆನನ್ಮಗನ!" ಸುಮಾರು ದಿನ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಊರಿನಲ್ಲಿ ಇವನು ಸಂಶಯಪಡದ ಜೀವ ಅಂದರೆ ತಾಜುನ್ನಿಸಾ ಒಬ್ಬಳೇ. ನನಗೂ ಆಕೆಯ ಹೆಸರು ತಲೆಗೆ ಬರಲಿಲ್ಲ, ಯಾರಿಗೂ ಬರಲಿಲ್ಲ.

ಕಡೆಗೆ ಎಲ್ಲರ ಬಾಯಿಯೂ ಒಂದೇ ಕಡೆ ತಿರುಗಿತು. ಮುನಾಫ ಊರಲ್ಲಿ ಇಲ್ಲದ ದಿನಗಳಲ್ಲೇ ರೈಲ್ವೆ ಕ್ವಾರ್ಟರ್ಸಿನ ಆಚೆ ಬಯಲಿನಲ್ಲಿ ಡೇರೆಯವರು ಬಂದು ಇಳಿದಿದ್ದರು. ಕುದುರೆ, ಹೇಸರಗತ್ತೆ ಮಾರುತ್ತಾ ಊರೂರು ಅಲೆಯುವ ಮಂದಿ. ಅವರು ಬಂದರೆ ನಮ್ಮವರು ಕೋಳಿಯನ್ನೂ ಬುಟ್ಟಿಯ ಕೆಳಗೆ ಹಾಕಿ ಮೇಲೆ ಕಲ್ಲಿಡುತ್ತಿದ್ದರು. ಅವರು ಕದ್ದದ್ದನ್ನು ಕಣ್ಣಾರೆ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅವರು ಡೇರೆ ಕಿತ್ತುಕೊಂಡು ಹೋಗಿ ಆಗಿತ್ತು, ಕುದುರೆಯೂ ಹೋಗಿತ್ತು. ಇನ್ನೇನು ಬೇಕು? ಮುನಾಫ ಠಾಣೆಯಲ್ಲಿ ಬರೆಸಿ ಬಂದ. ಕಂದು ಬಣ್ಣ, ಬಿಳಿ ಕಾಲು, ಎಡಗಣ್ಣಿನ ಕೆಳಗೆ ಸುಳಿ.

ಚಿತ್ತಾಪುರದಿಂದ ಗುಂಡಗುರ್ತಿಯ ಕಡೆ ಹೋಗುವ ದಾರಿಯಲ್ಲಿ, ಕಾಗಿಣಾ ಹೊಳೆಯ ದಂಡೆಗೆ, ವರ್ಷಕ್ಕೊಮ್ಮೆ ಜೋಳ ಮೊಣಕಾಲುದ್ದ ಬರುವ ಹೊತ್ತಿಗೆ ಡೇರೆಯವರೆಲ್ಲ ಕೂಡಿ ಕುದುರೆ ಸಂತೆ ಮಾಡುತ್ತಿದ್ದರು. ಕದ್ದ ಕುದುರೆ ಎಲ್ಲೇ ಹೋಗಿದ್ದರೂ ಅಲ್ಲಿಗೆ ಬರಲೇಬೇಕು ಅಂತ ಮುನಾಫನ ಲೆಕ್ಕ. ಠಾಣೆಯ ಜಮಾದಾರ ನರಸಪ್ಪನನ್ನು ಕಾಡಿಬೇಡಿ ಜೊತೆಗೆ ಬರಲು ಒಪ್ಪಿಸಿದ. ಆಮೇಲೆ ನನ್ನ ಅಂಗಡಿಗೆ ಬಂದು ಒಂದು ಪಾನು ತೆಗೆದುಕೊಂಡು, ಬಿಚ್ಚಿ ನೋಡಿ, "ನೀನೂ ಬಾರೋ. ನೀ ಕದ್ದಿಲ್ಲ ಅಂತ ಖಾತ್ರಿ ಆಗ್ಯಾದ," ಅಂದ. ಇದು ಅವನು ಕ್ಷಮೆ ಕೇಳುವ ರೀತಿ.

ಹೊರಟ ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ಅವನು ಮೊಳೆಯಿಂದ ಕಣ್ಣಿ ತೆಗೆದು ಹೆಗಲಿಗೆ ಹಾಕಿಕೊಂಡ. ತಾಜುನ್ನಿಸಾ ಓಡಿಬಂದು ಅದರ ತುದಿ ಹಿಡಿದಳು.

"ಅದನ್ಯಾಕ ಒಯ್ಲಿಕತ್ತೀರಿ? ಮನ್ಯಾಗಿಂದು ಮನ್ಯಾಗ ಇರ್ಲಿ."

"ಪುರಾವೆ ಬೇಕಲ್ಲ? ನಿನ್ನ ಕೈಯಿಂದು ಅಂಥಾ ಹೆಣಿಗಿ ಬ್ಯಾರೆ ಯಾರ ಹತ್ರ ಅದ? ಮೂತಿಗೆ ಹಾಕಿ ತೋರಸ್ತೀನಿ, ಜಮಾದಾರ ಬಾಯಿ ಮುಚ್ತಾನ."

ಆಕೆ ತುದಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಬಿಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಕುದುರೆಯ ನೆನಪು ಬಂದಿರಬೇಕು ಅಂತ ನಾನು ಅಂದುಕೊಂಡೆ.

ಚಿತ್ತಾಪುರದವರೆಗೆ ರೈಲು, ಅಲ್ಲಿಂದ ಎತ್ತಿನಗಾಡಿ. ಹೊಳೆಯ ದಂಡೆ ದೂರದಿಂದಲೇ ಹೊಗೆಯಾಡುತ್ತಿತ್ತು. ಕಂಬಳಿ, ಗೋಣಿ, ಹಳೆಯ ಸೀರೆ ಕೂಡಿಸಿ ಹೊಲಿದ ಡೇರೆಗಳು ಸಾಲುಸಾಲಾಗಿ ನಿಂತಿದ್ದವು. ಅವುಗಳ ಮುಂದೆ ಕುದುರೆಗಳು, ತಟ್ಟುಗಳು, ಮರಿ ಹಾಕಿದ ಹೆಣ್ಣು ಕುದುರೆಗಳು. ಲದ್ದಿಯ ವಾಸನೆ, ಬೆವರಿನ ವಾಸನೆ, ಎಲ್ಲೋ ಸುಡುತ್ತಿದ್ದ ರೊಟ್ಟಿಯ ವಾಸನೆ. ಸೇಡಮಿನ ಟಾಂಗಾದವರು ಬಂದಿದ್ದರು, ಮದುವೆಯ ಮೆರವಣಿಗೆಗೆ ಕುದುರೆ ಕೊಡುವ ಶಹಾಬಾದಿನವರು ಬಂದಿದ್ದರು, ಚಿಂಚೋಳಿಯ ಕಡೆಯ ಗೌಡರ ಆಳುಗಳಿದ್ದರು.

ಆ ಸಂತೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಕೊಳ್ಳುವವರು ಕುದುರೆಯ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದರು. ಹಲ್ಲು ಅರದಿಂದ ತಿಕ್ಕಿ ವಯಸ್ಸು ಇಳಿಸಿದ್ದಾರೋ ಅಂತ ಬೆರಳು ಹಾಕಿ ಸವರುತ್ತಿದ್ದರು. ಒದ್ದೆ ಬಟ್ಟೆಯಿಂದ ಮೈ ಉಜ್ಜಿ ಬಣ್ಣ ಬಿಡುತ್ತದೋ ಅಂತ ನೋಡುತ್ತಿದ್ದರು. ಕುಂಟು ಗೊತ್ತಾಗದಿರಲಿ ಅಂತ ಸೆರೆ ಕುಡಿಸಿದ್ದಾರೇನೋ ಅಂತ ಒಬ್ಬ ಮುದುಕ ಕುದುರೆಯ ಬಾಯಿಯನ್ನೇ ಮೂಸುತ್ತಿದ್ದ. ಮುನಾಫನಿಗೆ ಇದು ತವರುಮನೆಯಾಗಬೇಕಿತ್ತು, ಆದರೆ ಅವನ ಕಣ್ಣು ಲಾಡ್ಲಿಯನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ವ್ಯಾಪಾರ ಮಾತ್ರ ರುಮಾಲಿನ ಕೆಳಗೆ ಕೈ ಹಿಡಿದು, ಬೆರಳ ಮೇಲೆ. ಕುದುರಿದ ಮೇಲೆ ಮಾರಿದವನು ತನ್ನ ಹಗ್ಗವನ್ನು ಬಿಚ್ಚಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ, ಕೊಂಡವನು ತಾನು ತಂದ ಹಗ್ಗ ಹಾಕಿ ಕುದುರೆಯನ್ನು ಎಳೆದುಕೊಂಡು ಹೋಗುತ್ತಿದ್ದ. ಅದು ಹೊಸತೇನಲ್ಲ. ನಮ್ಮಪ್ಪ ಎತ್ತು ಮಾರಿದಾಗಲೂ ಹಾಗೆಯೇ. ಪ್ರಾಣಿ ಹೋದರೂ ಹಗ್ಗ ಹೋಗಬಾರದು, ಹಗ್ಗದ ಬೆನ್ನ ಹಿಂದೆ ಮನೆಯ ಏಳಿಗೆ, ಬರಕತ್ತು, ಹೋಗುತ್ತದೆ ಅಂತ ಎಲ್ಲರ ನಂಬಿಕೆ. ನೋಡಿದೆ, ಸುಮ್ಮನೆ ಮುಂದೆ ನಡೆದೆ.

ಖಾಕಿ ಕಂಡೊಡನೆ ಸಂತೆಯ ಗದ್ದಲ ಇಳಿದುಹೋಯಿತು. ಹೆಂಗಸರು ಡೇರೆಯ ಒಳಗೆ ಸರಿದರು. ಗಂಡಸರು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಕುದುರೆಯ ಮುಂದೆ ನಿಂತರು. ನಾವು ಅವರನ್ನು ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದೆವು, ಅವರೂ ನಮ್ಮನ್ನು ಹಾಗೆಯೇ ನೋಡಿದರು. ಹಿರಿಯನೊಬ್ಬ ಜಮಾದಾರನಿಗೆ ಹೊರಸು ಹಾಕಿ ಮಜ್ಜಿಗೆ ತರಿಸಿದ. ನರಸಪ್ಪ ಕಾಲು ಚಾಚಿ ಕೂತು, "ಹೋಗ್ರಿ, ಹುಡುಕ್ರಿ. ಸಿಕ್ಕ್ರ ನನಗ ಕರೀರಿ," ಅಂದ.

ಹುಡುಕಬೇಕಾದ ಪ್ರಸಂಗ ಬರಲಿಲ್ಲ. ಕಡೆಯ ಸಾಲಿನಲ್ಲಿ ಒಂದು ಕುದುರೆ ಕುತ್ತಿಗೆ ಎತ್ತಿ ಕೆನೆಯಿತು. ಮುನಾಫ ಓಡಿದ. ಕಂದು ಮೈ, ಬಿಳಿ ಕಾಲು, ಎಡಗಣ್ಣಿನ ಕೆಳಗೆ ಸುಳಿ. ಲಾಡ್ಲಿ ಅವನ ಎದೆಗೆ ಹಣೆ ಹಚ್ಚಿ ಜೇಬಿಗೆ ಮೂತಿ ತುರುಕಿತು. ಅವನು ಬೆಲ್ಲ ಕೊಡುವುದನ್ನೂ ಮರೆತು ಹತ್ತಿರ ನಿಂತಿದ್ದವನ ಅಂಗಿ ಹಿಡಿದ.

"ಕಳ್ಳ ಬದ್ಮಾಶ್! ಎಲ್ಲಿಂದ ತಂದಿ ಇದನ್ನ?"

ಆ ಮನುಷ್ಯನ ಹೆಸರು ಖಂಡೆಪ್ಪ. ಎತ್ತರದ ಆಳು, ಹಣೆಗೆ ಅರಿಶಿನದ ಭಂಡಾರ. ಬೇಕಾದರೆ ಮುನಾಫನನ್ನು ಒಂದೇ ಕೈಯಲ್ಲಿ ಎತ್ತಿ ಹೊಳೆಗೆ ಒಗೆಯಬಹುದಾಗಿತ್ತು. ಕೈ ಎತ್ತಲಿಲ್ಲ.

"ಕದ್ದಿಲ್ಲ ಮಾಲಕ. ಕೊಂಡೀನಿ."

"ಯಾರ ಹತ್ರ?"

"ಹೆಸರು ಹೇಳಾಂಗಿಲ್ಲ ಅಂತ ಭಂಡಾರ ಮುಟ್ಟಿ ಆಣಿ ಮಾಡೀನಿ."

"ಹೇಳಾಂಗಿಲ್ಲ! ಕೇಳಿದ್ಯಾ ಲಾಲಪ್ಪ? ಕದ್ದವ ಹೆಸರು ಹ್ಯಾಂಗ ಹೇಳ್ತಾನ?" ನನಗೂ ಅದೇ ಅನಿಸಿತು. ಕೊಂಡವನಾದರೆ ಕೊಟ್ಟವನ ಹೆಸರು ಹೇಳಲು ಏನು ಧಾಡಿ? "ಸೀದಾ ಹೇಳಪ್ಪ. ಇಲ್ಲಂದ್ರ ಜಮಾದಾರ ಕೂತಾನ ಅಲ್ಲಿ. ಠಾಣೇಕ್ಕ ಒಯ್ದ್ರ ಏನಾಗ್ತದ ಗೊತ್ತಲ್ಲ ನಿಮಗ," ಅಂದೆ.

"ಗೊತ್ತದ," ಅಂದ ಖಂಡೆಪ್ಪ. "ನಮ್ಮಪ್ಪನೂ ಕಂಡಾನ, ನಾನೂ ಕಂಡೀನಿ." ಅವನ ಮುಖ ಬಿಳುಚಿಕೊಂಡಿತ್ತು, ಆದರೂ ಹೆಸರು ಹೇಳಲಿಲ್ಲ. ಜಮಾದಾರನನ್ನು ಕರೆಯಲು ಯಾರೋ ಆಗಲೇ ಹೋಗಿದ್ದರು.

ಡೇರೆಯ ಒಳಗಿಂದ ಅವನ ತಾಯಿ ಅನಸುಬಾಯಿ ಬಂದಳು. ಬೆನ್ನು ಬಾಗಿದ ಮುದುಕಿ, ಬಾಯಲ್ಲಿ ಚುಟ್ಟಾ. ಬಂದವಳೇ ಮಗನ ಕಡೆ ನೋಡಲಿಲ್ಲ, ಮುನಾಫನ ಹೆಗಲ ಮೇಲಿನ ಕಣ್ಣಿಯನ್ನು ನೋಡಿದಳು.

"ತಮ್ಮಾ, ಅದನ್ಯಾಕ ಹೊತ್ತ್ಕೊಂಡು ಬಂದೀದಿ?"

"ಪುರಾವೆಗೆ! ನನ್ನ ಹೇಣ್ತಿ ಕೈಯಾರೆ ಹೆಣದಾಳ. ಇದ್ರಿಂದನೇ ಕುದುರಿ ಕಟ್ತಿದ್ವಿ. ಮೂತಿಮ್ಯಾಲ ಇದರ ಗುರ್ತು ಇನ್ನಾ ಅದ, ನೋಡು!"

"ಕುದುರಿ ಹೋದಾಗೂ ಇದೇ ಕಣ್ಣಿ ಮೂತಿಗಿತ್ತೇನು?"

"ಮತ್ತ? ಇದು ಬಿಟ್ಟು ಬ್ಯಾರೆ ಕಣ್ಣಿನೇ ಇಲ್ಲ."

"ಮತ್ತ ನಿನ್ನ ಕೈಗೆ ಹ್ಯಾಂಗ ಬಂತು?"

"ಮನ್ಯಾಗಿತ್ತು, ಪಡಸಾಲ್ಯಾಗ. ಮೊಳಿಗೆ."

ಮುದುಕಿ ಚುಟ್ಟಾ ತೆಗೆದು ಬೂದಿ ಕೊಡವಿದಳು. "ಕಳ್ಳ ಬಂದ. ಕುದುರಿ ಬಿಚ್ಚಿದ. ಮೂತಿಯಿಂದ ಕಣ್ಣಿ ತಗದ. ನಿನ್ನ ಮನಿ ಒಳಗ ಹೋಗಿ ಮೊಳಿಗೆ ತೂಗಹಾಕಿದ. ಆಮ್ಯಾಲ ಬರೀ ಕುದುರಿ ಹೊಡಕೊಂಡು ಹೋದ. ಹಂಗೇನು?"

ಮುನಾಫ ಹೆಗಲಿನಿಂದ ಕಣ್ಣಿಯನ್ನು ಇಳಿಸಿ ಕೈಗೆ ತೆಗೆದುಕೊಂಡ.

"ಕದ್ದವ ಕಣ್ಣಿ ಸಮೇತ ಎಳಕೊಂಡು ಓಡ್ತಾನ ತಮ್ಮಾ. ಕಣ್ಣಿ ಬಿಚ್ಚಿ ಮನ್ಯಾಗ ಇಟ್ಕೊಳ್ಳೋರು ಮಾರಿದವ್ರು. ನಿಮ್ಮಲ್ಲೂ ಹಂಗೇ, ನಮ್ಮಲ್ಲೂ ಹಂಗೇ. ಇಷ್ಟರ ಮ್ಯಾಲ ನಾ ಮಾತಾಡಂಗಿಲ್ಲ, ನನ್ನ ಮಗ ಮಾತು ಕೊಟ್ಟಾನ."

ಅಯ್ಯೋ ನನ್ನ ತಲೆಯೇ, ಅಂದುಕೊಂಡೆ. ಅಷ್ಟು ದಿನ ಆ ಕಣ್ಣಿ ಎಲ್ಲರ ಕಣ್ಣೆದುರಿಗೇ ಮೊಳೆಯಲ್ಲಿ ತೂಗುತ್ತಿತ್ತು. ಸ್ಟೇಷನ್ನಿನ ಗಡಿಯಾರವನ್ನೂ ನಂಬದ ಮನುಷ್ಯ ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತಿದ್ದ, ಒಂದು ಸಲವೂ ಅದು ಅಲ್ಲಿ ಯಾಕಿದೆ ಅಂತ ಕೇಳಿರಲಿಲ್ಲ. ಬೆಳಿಗ್ಗೆ ತುದಿ ಹಿಡಿದು ನಿಂತ ತಾಜುನ್ನಿಸಾಳ ಕೈ ನೆನಪಾಯಿತು. ಮೂರನೇದ್ದು ತಪ್ಪಂಗಿಲ್ಲ ಅಂದದ್ದು ನೆನಪಾಯಿತು. ಗಂಡ ಬದುಕಲಿ ಅಂತ, ಗಂಡ ಊರಲ್ಲಿ ಇಲ್ಲದಾಗ, ಆಕೆ ತಾನೇ ಕುದುರೆಯನ್ನು ಡೇರೆಯವರಿಗೆ ಕೊಟ್ಟು ಕಳಿಸಿದ್ದಳು. ಬರಕತ್ತು ಹೋಗದಿರಲಿ ಅಂತ ಕಣ್ಣಿ ಬಿಚ್ಚಿ ಇಟ್ಟುಕೊಂಡಿದ್ದಳು. ಯಾರಿಗೂ ಹೇಳಬೇಡ ಅಂತ ಖಂಡೆಪ್ಪನಿಂದ ಆಣೆ ಹಾಕಿಸಿಕೊಂಡಿದ್ದಳು.

ಮುನಾಫ ಎರಡೂ ಕೈಯಿಂದ ಕಣ್ಣಿಯನ್ನು ಸವರುತ್ತಾ ನಿಂತಿದ್ದ. ಹಸಿರು ಓಢಣಿಯ ನೂಲು, ನೀಲಿ ಮಣಿ. ಅವನಿಗೂ ಎಲ್ಲ ಗೊತ್ತಾಗಿತ್ತು. ಅಷ್ಟರಲ್ಲಿ ನರಸಪ್ಪ ಮೀಸೆಯ ಮಜ್ಜಿಗೆ ಒರೆಸಿಕೊಳ್ಳುತ್ತಾ ಬಂದ. ಬಂದವನೇ ಖಂಡೆಪ್ಪನ ರಟ್ಟೆ ಹಿಡಿದು ತಿರುವಿದ.

"ಇವನೇ ಏನು? ನಡಿ ಮಗನ. ಏ ಮುನಾಫ, ಇದೇ ನಿನ್ನ ಕುದುರಿ ಹೌದಲ್ಲ?"

ಖಂಡೆಪ್ಪ ನೆಲ ನೋಡುತ್ತಿದ್ದ. ಮುದುಕಿ ಮಗನ ಬೆನ್ನಿಗೆ ಬಂದು ನಿಂತಳು. ಹೌದು ಅಂದರೆ ಖಂಡೆಪ್ಪ ಲಾಕಪ್ಪಿಗೆ ಹೋಗುತ್ತಾನೆ. ಮಾರಿದವರು ಇಂಥವರು ಅಂದರೆ ತಾಜುನ್ನಿಸಾಳ ಹೆಸರು ಠಾಣೆಯಲ್ಲಿ, ಆಮೇಲೆ ವಾಡಿಯ ಎಲ್ಲರ ಬಾಯಲ್ಲಿ. ಲಾಡ್ಲಿಯೋ, ಜೇಬಿನಿಂದ ಮೂತಿ ತೆಗೆಯುತ್ತಲೇ ಇರಲಿಲ್ಲ.

ಮುನಾಫ ಅದರ ಎಡ ಕೆನ್ನೆಯ ಪಕ್ಕಕ್ಕೆ ಸರಿದ. ಕೈಯನ್ನು ಕಣ್ಣಿನ ಕೆಳಗೆ ಇಟ್ಟ. ಅಂಗೈಯಲ್ಲಿ ಸುಳಿ ಮುಚ್ಚಿಹೋಯಿತು.

"ಇದು ನಂದಲ್ರಿ ಸಾಹೇಬ್ರ," ಅಂದ. "ದೂರದಿಂದ ಹಂಗ ಕಂಡ್ತು. ನಮ್ಮ ಲಾಡ್ಲಿಗೆ ಕಣ್ಣಿನ ಕೆಳಗ ಸುಳಿ ಇತ್ತು. ಇದಕ್ಕ ಇಲ್ಲ."

"ಇಲ್ಲ? ಮತ್ತ ಜೇಬಿನ್ಯಾಗ ಮೂತಿ ಹಾಕ್ಲಿಕತ್ತದ?"

"ಬೆಲ್ಲ ಅದ್ರಿ ಜೇಬಿನ್ಯಾಗ. ಬೆಲ್ಲ ಅಂದ್ರ ಯಾವ ಕುದುರಿ ಬಿಡ್ತದ್ರಿ?"

ನರಸಪ್ಪ ಹುಬ್ಬು ಗಂಟಿಕ್ಕಿ ಒಂದು ಹೆಜ್ಜೆ ಮುಂದೆ ಬಂದ. ನನಗೆ ಎಲ್ಲಿಂದ ಬುದ್ಧಿ ಬಂತೋ, ಪಾನಿನ ಪುಡಿಕೆ ಬಿಚ್ಚಿ ಅವನ ಮುಖದ ಮುಂದೆಯೇ ಹಿಡಿದೆ. "ತಗೋರಿ ಸಾಹೇಬ್ರ. ನಾನೂ ಬ್ಯಾರೆ ಕುದುರಿ ಅಂತನೇ ಹೇಳ್ಲಿಕತ್ತಿದ್ದೆ. ಈ ಶಕ್ಕಿ ಕೇಳ್ಬೇಕಲ್ಲ?"

ಅವನು ಎರಡು ಪಾನು ತೆಗೆದುಕೊಂಡ. ಬಾಯಲ್ಲಿ ಹಾಕಿಕೊಂಡು, ನಮ್ಮಿಬ್ಬರ ಹಿರಿಯರನ್ನೆಲ್ಲ ನೆನೆದು ಬಯ್ದು, ಖಂಡೆಪ್ಪನ ರಟ್ಟೆ ಬಿಟ್ಟು, ಮಜ್ಜಿಗೆಯ ಕಡೆ ವಾಪಸು ನಡೆದ. ಅವನು ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವನು ದೂರ ಹೋದ ಮೇಲೆಯೇ ಮುನಾಫ ಕೆನ್ನೆಯಿಂದ ಕೈ ತೆಗೆದದ್ದು.

"ಮಾಲಕ, ಬೇಕಂದ್ರ ಒಯ್ರಿ. ನಾ ಬ್ಯಾಡನ್ನಂಗಿಲ್ಲ," ಅಂದ ಖಂಡೆಪ್ಪ.

ಮುನಾಫ ತಲೆಯಾಡಿಸಿದ. "ಒಯ್ದ್ರ ಇದನ್ನ ನೋಡ್ಕೋತ ಆಕಿ ದಿನಾ ಸಾಯ್ತಾಳ." ಜೇಬಿನಲ್ಲಿದ್ದ ಬೆಲ್ಲವನ್ನೆಲ್ಲ ಅಂಗೈಯಲ್ಲಿ ಹಿಡಿದು ಲಾಡ್ಲಿಗೆ ತಿನ್ನಿಸಿದ. "ಎಡಗಡಿಂದ ಚಾಟಿ ತೋರಸಬ್ಯಾಡ್ರಿ. ಹೆದರ್ತಾಳ." ಹಿಂತಿರುಗಿ ನೋಡದೆ ನಡೆದ. ಲಾಡ್ಲಿ ಕೆನೆಯುತ್ತಲೇ ಇತ್ತು, ಗಾಡಿಯ ದಾರಿಗೆ ಬರುವವರೆಗೂ ಅದು ಕೇಳುತ್ತಿತ್ತು.

ಮುಂದಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಮುನಾಫ ಆ ಬೇಸಿಗೆಯಲ್ಲಿ ಬೇರೊಂದು ಕುದುರೆ ಕೊಂಡ. ಅದಕ್ಕೆ ರೊಕ್ಕವನ್ನು ತಾಜುನ್ನಿಸಾ ಜೋಳದ ಗಡಿಗೆಯಿಂದ ತೆಗೆದುಕೊಟ್ಟಳು, ತವರಿನವರು ಕೊಟ್ಟದ್ದು ಅಂದಳು. ಎಲ್ಲವನ್ನೂ ಕೆದಕಿ ಕೇಳುವ ಮನುಷ್ಯ ಯಾವಾಗ ಕೊಟ್ಟರು ಅಂತಲೂ ಕೇಳಲಿಲ್ಲ. ಆಟೋಗಳು ಬಂದು ಟಾಂಗಾಗಳು ಮೂಲೆಗೆ ಬೀಳುವವರೆಗೂ ಅದನ್ನೇ ಹೊಡೆದ, ನನ್ನ ಪಾನನ್ನು ಬಿಚ್ಚಿ ನೋಡುವುದನ್ನು ಸಾಯುವವರೆಗೂ ಬಿಡಲಿಲ್ಲ. ವಿಧವೆಯಾಗುತ್ತೇನೆ ಅಂತ ಹೆದರಿದ್ದ ತಾಜುನ್ನಿಸಾ ಅವನಿಗಿಂತ ಮೊದಲೇ ಹೋದಳು. ಹೊಸ ಕುದುರೆಗೆ ಆಕೆ ಬೇರೆ ಕಣ್ಣಿ ಹೆಣೆದುಕೊಟ್ಟಿದ್ದಳು. ಹಸಿರು ಕಣ್ಣಿ ಪಡಸಾಲೆಯ ಮೊಳೆಯಲ್ಲೇ ಉಳಿಯಿತು.

ಸಂತೆಯಿಂದ ತಿರುಗಿ ಬಂದ ಸಂಜೆ ನಾನು ನನ್ನ ಮನೆಗೆ ಹೋಗದೆ ಅವನ ಹಿಂದೆಯೇ ಹೋದೆ. ಇಂಥ ಮನುಷ್ಯನಿಗೆ ಸ್ವಂತ ಮನೆಯ ಮೇಲೆಯೇ ಸಂಶಯ ಹುಟ್ಟಿದರೆ ಏನು ಮಾಡುತ್ತಾನೋ, ಕೈ ಎತ್ತುತ್ತಾನೋ, ತಲಾಕೇ ಅಂದುಬಿಡುತ್ತಾನೋ ಅಂತ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ತಾಜುನ್ನಿಸಾ ಬಾಗಿಲಲ್ಲೇ ನಿಂತಿದ್ದಳು. ಮೊದಲು ನಮ್ಮ ಹಿಂದೆ ನೋಡಿದಳು, ಕುದುರೆ ಇರಲಿಲ್ಲ. ಆಮೇಲೆ ಅವನ ಹೆಗಲ ಮೇಲಿನ ಕಣ್ಣಿ ನೋಡಿದಳು.

"ಸಿಕ್ತೇನ್ರಿ?"

"ಇಲ್ಲ," ಅಂದ. ಒಳಗೆ ಹೋಗಿ ಕಣ್ಣಿಯನ್ನು ಮೊಳೆಗೆ ಹಾಕಿದ. ಹಾಕಿ, ಅಲ್ಲೇ ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಆಕೆ ಅವನ ಬೆನ್ನನ್ನು ನೋಡುತ್ತಿದ್ದಳು. ಆಕೆಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು.

ಆಕೆ ಚಹಾ ಮಾಡಿ ತಂದಳು. ಒಂದೇ ಕಪ್ಪು, ಅವನ ಮುಂದೆ ಹಿಡಿದಳು. ನಾನು ಅವನ ಮೂಗನ್ನೇ ನೋಡುತ್ತಾ ಕೂತೆ. ಆಕೆಯೂ ಅದನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ಮೂಗಿನ ಗುಣ ಗೊತ್ತಿರಲಿಲ್ಲವೇ?

ಮುನಾಫ ನನ್ನ ಕಡೆ ತಿರುಗಿ, "ಲಾಲಪ್ಪ, ಆ ಜಮಾದಾರ ಎಷ್ಟು ಮಜ್ಜಿಗಿ ಕುಡದ ನೋಡ್ದ್ಯಾ?" ಅನ್ನುತ್ತಲೇ ಕೈ ಚಾಚಿದ. ಕಪ್ಪಿನ ಕಡೆ ನೋಡಲಿಲ್ಲ, ಮೂಸಲೂ ಇಲ್ಲ. ಸೀದಾ ಕುಡಿದ.

ತಾಜುನ್ನಿಸಾ ಅಲ್ಲೇ ನೆಲಕ್ಕೆ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ನನ್ನ ಮಾತ ಕೇಳ್ರಿ... ಲಾಡ್ಲಿನ್ನ ನಾನೇ..."

"ಸುಮ್ಮ ಕುಂದ್ರು," ಅಂದ ಮುನಾಫ, ದನಿ ಏರಿಸದೆ. "ಕಳ್ಳರು ಒಯ್ದಾರ ಅಂತ ಠಾಣೇದಾಗ ಬರಸಿ ಬಂದೀನಿ. ಈಗ ನೀ ಬ್ಯಾರೆ ಮಾತು ಹೇಳಿ ನನ್ನ ಸುಳ್ಳಗಾರ ಮಾಡ್ಬ್ಯಾಡ. ಹೋಗು, ಲಾಲಪ್ಪಗೂ ಒಂದು ಕಪ್ಪು ತಗೊಂಡು ಬಾ."